ಹಬೆ ರಾಕೆಟ್ ಕಟ್ಟುವವರು ಮೊದಲು ಬಾಯ್ಲರ್ ಮನೆಗೆ ಹೋಗಿ

ಹಬೆ ರಾಕೆಟ್ಟಿನಲ್ಲಿ ಮದ್ದಿಲ್ಲ, ಉರಿಯುವ ಇಂಧನವಿಲ್ಲ. ಉಕ್ಕಿನ ಪಾತ್ರೆಯಲ್ಲಿ ನೀರು ಹಾಕಿ, ಬಿಗಿಯಾಗಿ ಮುಚ್ಚಿ ಕಾಯಿಸುತ್ತಾರೆ. ಒಳಗಿನ ಒತ್ತಡದಿಂದಾಗಿ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ವಾಲ್ವ್ ತೆರೆದೊಡನೆ ಅದರ ಒಂದು ಪಾಲು ಹಬೆಯಾಗಿ, ಉಳಿದ ನೀರನ್ನೂ ಎಳೆದುಕೊಂಡು ಹಿಂದಕ್ಕೆ ಚಿಮ್ಮುತ್ತದೆ. ರಾಕೆಟ್ ಮುಂದಕ್ಕೆ ನುಗ್ಗುತ್ತದೆ. ನಮ್ಮ ಬಾಗಲಕೋಟೆ ಸೀಮೆಯ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಮಕ್ಕಳಿಗೆ ಇದೊಂದು ಅಪರೂಪದ ಪಾಠ. ಅಪಾಯವೂ ಸಣ್ಣದಲ್ಲ.

1. ಹಬೆ ಬಲ್ಲವರನ್ನು ಹಿಡಿಯಿರಿ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಅಲ್ಲಿ ಬಾಯ್ಲರ್ ನೋಡಿಕೊಳ್ಳುವವರಿಗೆ ಗೇಜಿನ ಮುಳ್ಳು ನೋಡಿದರೆ ಒಳಗೇನು ನಡೆದಿದೆ ಎಂದು ತಿಳಿಯುತ್ತದೆ. ಅಂಥವರೊಬ್ಬರ ಕೈಕೆಳಗೆ ಕಲಿಯದೆ ವೆಲ್ಡಿಂಗ್ ಶುರು ಮಾಡಬೇಡಿ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರೊಬ್ಬರು ಜೊತೆಗಿರಲಿ. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯನ್ನೂ ಮೊದಲೇ ಕೇಳಿಕೊಳ್ಳಿ.

2. ಶಾಲೆಯ ಮಕ್ಕಳಾದರೆ ಸೋಡಾ ಬಾಟಲಿಯೇ ಸಾಕು. ಮೂರರಲ್ಲೊಂದು ಪಾಲು ತಣ್ಣೀರು, ಸೈಕಲ್ ಪಂಪು, ದೂರದಿಂದ ಎಳೆಯಲು ಹಗ್ಗ. ತತ್ವ ಅದೇ, ಸುಡುವ ಭಯವಿಲ್ಲ. ಹಬೆಯ ತಂಟೆ ಬೇಡವೇ ಬೇಡ.

3. ರಾಕೆಟ್ ಎಂದರೆ ಪಾತ್ರೆ. ಇದನ್ನು ನಮ್ಮ ನಾಡು ಜಗತ್ತಿಗೇ ಕಲಿಸಿದೆ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳು ದೂರ ಹೋಗುತ್ತಿದ್ದುದು ಕಬ್ಬಿಣದ ಕೊಳವೆಯಿಂದ. ಕಾಗದ, ಬಿದಿರಿನ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಅಂಥವೇ. ನಿಮ್ಮ ಪಾತ್ರೆಗೆ ಒತ್ತಡದ ಜೊತೆ ಶಾಖವನ್ನೂ ತಾಳುವ ಉಕ್ಕು ಬೇಕು. ಅಲ್ಯೂಮಿನಿಯಂ ಕಾದಷ್ಟೂ ಸೋಲುತ್ತದೆ, ಪಿವಿಸಿ ಮೆತ್ತಗಾಗುತ್ತದೆ, ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಗುಜರಿಯ ಗ್ಯಾಸ್ ಸಿಲಿಂಡರು, ಹಳೆಯ ಕುಕ್ಕರು, ಬೆಂಕಿ ನಂದಿಸುವ ಡಬ್ಬಿ ಯಾವುದನ್ನೂ ಮುಟ್ಟಬೇಡಿ.

4. ಕಾಗದದ ಮೇಲೆ ಮೊದಲು ಹಾರಿಸಿ. 20 ಬಾರ್ ಒತ್ತಡದಲ್ಲಿ ನೀರು ಸುಮಾರು 212 ಡಿಗ್ರಿಗೆ ಕುದಿಯುತ್ತದೆ. ಆ ನೀರನ್ನು ಹೊರಗೆ ಬಿಟ್ಟರೆ ಹಬೆಯಾಗುವುದು ಐದರಲ್ಲೊಂದು ಪಾಲು ಮಾತ್ರ. ನಾಜಲ್ ಎಷ್ಟು ಚೆನ್ನಾಗಿದ್ದರೂ ಚಿಮ್ಮುವ ವೇಗ ಸೆಕೆಂಡಿಗೆ 360 ಮೀಟರ್ ದಾಟದು. ಖಾಲಿ ರಾಕೆಟ್ 5 ಕಿಲೋ, ನೀರು 5 ಕಿಲೋ ಎಂದುಕೊಳ್ಳಿ. ಗಾಳಿಯ ತಡೆ, ಭೂಮಿಯ ಸೆಳೆತ ಬಿಟ್ಟು ಲೆಕ್ಕ ಹಾಕಿದರೆ ಸಿಗುವ ವೇಗ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 250 ಮೀಟರ್. ನಿಜದಲ್ಲಿ ಅದಕ್ಕಿಂತ ಬಹಳ ಕಡಿಮೆ. ಹೆಚ್ಚು ವೇಗ ಬೇಕೆಂದು ಒತ್ತಡ ಏರಿಸುವ ಬದಲು ಖಾಲಿ ರಾಕೆಟ್ಟಿನ ತೂಕ ಇಳಿಸಿ. ಆದರೆ ಪಾತ್ರೆಯ ಗೋಡೆಯನ್ನು ತೆಳುಮಾಡಿ ಅಲ್ಲ; ರೆಕ್ಕೆ, ಮೂತಿ, ಹೊರಕವಚದಲ್ಲಿ ಉಳಿಸಿ.

5. ಪಾತ್ರೆ ತುಂಬಬೇಡಿ. 25 ಡಿಗ್ರಿಯ ನೀರು 212 ಡಿಗ್ರಿಗೆ ಬರುವಾಗ ಶೇ. 17ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಎಂಥ ಉಕ್ಕನ್ನೂ ಸೀಳುತ್ತದೆ. ಕಾಲು ಭಾಗ ಖಾಲಿ ಇರಲೇಬೇಕು. ನೀರನ್ನು ಅಳೆದು, ತೂಗಿ ಹಾಕಿ, ಕಣ್ಣಂದಾಜು ಬೇಡ.

6. ಬೋರಿನ ಸವಳು ನೀರು ಬೇಡ. ಬಾಗಲಕೋಟೆ ಸುಣ್ಣಕಲ್ಲಿನ ನೆಲ. ಇಂಥ ಗಡಸು ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಹಿಡಿಯುವುದನ್ನು ಮನೆಯಲ್ಲೇ ನೋಡಿದ್ದೀರಿ. ಅದೇ ಪದರ ಹೀಟರಿನ ಮೇಲೆ ಕೂತರೆ ಕಾಯಿಲ್ ಸುಡುತ್ತದೆ, ಸೇಫ್ಟಿ ವಾಲ್ವಿನಲ್ಲಿ ಕೂತರೆ ಅದು ತೆರೆಯುವುದೇ ಇಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

7. ತಣ್ಣೀರಿನಲ್ಲಿ ಪರೀಕ್ಷಿಸಿ. ಗಾಳಿಯ ಗುಳ್ಳೆ ಉಳಿಯದಂತೆ ಪಾತ್ರೆ ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಗೇಜು ಇಳಿಯುತ್ತದೆಯೋ ನೋಡಿ. ತಣ್ಣೀರು ತುಂಬಿದ ಪಾತ್ರೆ ಬಿರಿದರೆ ಸೋರಿ ನಿಲ್ಲುತ್ತದೆ. ಕಾದ ನೀರಿನ ಪಾತ್ರೆ ಬಾಂಬಿನಂತೆ ಸಿಡಿಯುತ್ತದೆ. ಸೇಫ್ಟಿ ವಾಲ್ವ್ ಒಂದು, ಅದು ಕೈಕೊಟ್ಟರೆ ಹರಿದು ಒತ್ತಡ ಬಿಡುವ ತೆಳು ತಗಡು ಇನ್ನೊಂದು. ಎರಡೂ ಬೇಕು.

8. ತೂಕ ಮುಂದಿರಲಿ. ರಾಕೆಟ್ಟಿನ ತೂಕದ ಕೇಂದ್ರ, ಗಾಳಿಯ ಒತ್ತು ಬೀಳುವ ಕೇಂದ್ರಕ್ಕಿಂತ ಕನಿಷ್ಠ ಒಂದು ವ್ಯಾಸದಷ್ಟು ಮೂತಿಯ ಕಡೆಗಿರಬೇಕು. ನೀರು ತುಂಬಿದಾಗಲೂ, ಬರಿದಾದಾಗಲೂ ಲೆಕ್ಕ ಹಾಕಿ.

9. ಹೊಲ ನೋಡಿ ಆರಿಸಿ. ಬಾದಾಮಿಯ ಬಂಡೆಗಳ ನಡುವೆ ಗಾಳಿ ಸುಳಿಯುತ್ತದೆ. ಅಲ್ಲದೆ ಮೇಣಬಸದಿಯ ಗುಹೆ, ಪಟ್ಟದಕಲ್ಲು, ಐಹೊಳೆಗಳ ಹಳೆಯ ಗುಡಿಗಳ ಹತ್ತಿರ ಇಂಥದ್ದನ್ನು ಯೋಚಿಸಲೂಬಾರದು. ಇಳಕಲ್ಲಿನ ಕಲ್ಲು ಕ್ವಾರಿಗಳಲ್ಲಿ ಸದಾ ಜನ. ಹುನಗುಂದದ ಎರೆ ಹೊಲ ಸರಿ: ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ಕಣ್ಣು ಹಾಯುವಷ್ಟೂ ಬಯಲು. ಬಿಸಿಲೇರಿ ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಮುಗಿಸಿ. ಹೊಲದ ಯಜಮಾನರನ್ನೂ ಪೊಲೀಸರನ್ನೂ ಕೇಳದೆ ಹೆಜ್ಜೆ ಇಡಬೇಡಿ.

10. ಮನುಷ್ಯರನ್ನು ಹತ್ತಿಸಬೇಡಿ, ಪ್ಯಾರಾಚೂಟನ್ನು ಕಡೆಗಣಿಸಬೇಡಿ. 1974ರ ಸೆಪ್ಟೆಂಬರ್ 8ರಂದು ಅಮೆರಿಕದ ಸ್ನೇಕ್ ನದಿಯ ಕಮರಿ ದಾಟಲು ಸಾಹಸಿ ಈವೆಲ್ ಕ್ನೀವೆಲ್ ಹಬೆ ರಾಕೆಟ್ ಏರಿದ. ಪ್ಯಾರಾಚೂಟ್ ಹೊರಡುವಾಗಲೇ ಬಿಚ್ಚಿಕೊಂಡಿತು. ಕಮರಿಯೊಳಗೆ ಬಿದ್ದರೂ ಜೀವ ಉಳಿಯಿತು. 2020ರ ಫೆಬ್ರುವರಿ 22ರಂದು ತಾನೇ ಕಟ್ಟಿದ ಹಬೆ ರಾಕೆಟ್ ಏರಿದ ಮೈಕ್ ಹ್ಯೂಸ್‌ಗೂ ಪ್ಯಾರಾಚೂಟ್ ಹಾಗೆಯೇ ಕೈಕೊಟ್ಟಿತು. ಆತ ಉಳಿಯಲಿಲ್ಲ. ಇಬ್ಬರನ್ನೂ ಹಬೆ ಮೇಲಕ್ಕೆ ಒಯ್ದಿತ್ತು, ಕೆಡಿಸಿದ್ದು ಪ್ಯಾರಾಚೂಟ್. ಹಾಗಾಗಿ ಎಂಜಿನ್ನಿಗೆ ಕೊಟ್ಟಷ್ಟೇ ಹೊತ್ತನ್ನು ಪ್ಯಾರಾಚೂಟ್ ಮಡಿಸುವುದಕ್ಕೆ, ಅದು ಬಿಚ್ಚುವ ಕೊಂಡಿಗೆ ಕೊಡಿ.

11. ಹಾರದಿದ್ದರೆ ಹತ್ತಿರ ಹೋಗಬೇಡಿ. ಕಾಯಿಸುವುದು, ವಾಲ್ವ್ ತೆರೆಯುವುದು, ಒತ್ತಡ ಬಿಡುವುದು ಎಲ್ಲವೂ ದೂರದ ಮಣ್ಣಿನ ಒಡ್ಡಿನ ಹಿಂದಿನಿಂದಲೇ ಆಗುವಂತೆ ತಂತಿ ಎಳೆದಿರಿ. ವಾಲ್ವ್ ಸಿಕ್ಕಿಕೊಂಡರೆ ಹೀಟರಿನ ಕರೆಂಟು ತೆಗೆದು, ಒತ್ತಡ ಬಿಡುವ ಎರಡನೆಯ ವಾಲ್ವ್ ತೆರೆದು ಕೂತಿರಿ. ಗೇಜನ್ನು ದುರ್ಬೀನಿನಲ್ಲಿ ನೋಡಿ. ಮುಳ್ಳು ಸೊನ್ನೆಗೆ ಬಂದರೆ ಸಾಲದು, ಥರ್ಮಾಮೀಟರು 60 ಡಿಗ್ರಿಗಿಂತ ಕೆಳಗೆ ತೋರಿಸುವವರೆಗೆ ಯಾರೂ ಒಡ್ಡು ದಾಟಬಾರದು. ಅಷ್ಟರಲ್ಲಿ ಮಧ್ಯಾಹ್ನವಾದರೂ ಸರಿ, ರೊಟ್ಟಿಬುತ್ತಿ ಅಲ್ಲೇ ಬಿಚ್ಚಿ.