ಮುಟ್ಟು ನಿಲ್ಲುವ ಕಾಲ

ರಾಯಾಪುರ ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇದೆ. ಇಲ್ಲಿ ಸಂಜೆ ನಮ್ಮ ಕಲಿಕೆಯ ವರ್ಗ ನಡೆಯುತ್ತದೆ. ಒಂದು ದಿನ ಬಹಳ ಥಂಡಿ ಇತ್ತು. ಎಲ್ಲರೂ ಸೆರಗು ಹೊದ್ದು ಕೂತಿದ್ದೆವು. ಒಬ್ಬ ಅಕ್ಕ ಮಾತ್ರ ಪಾಟಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಯಾಕ್ರೀ ಅಕ್ಕಾ, ಇಂಥ ಥಂಡ್ಯಾಗ?" ಎಂದು ಕೇಳಿದೆವು.

"ಏನ್ ಹೇಳ್ಲಿ ಅಕ್ಕೋರ, ಮೈಯಾಗ ಒಮ್ಮೆಲೆ ಬೆಂಕಿ ಎದ್ದಂಗ ಆಗತೈತಿ. ಆಮ್ಯಾಲ ಬೆವರು. ರಾತ್ರಿ ನಿದ್ದಿ ಇಲ್ಲ. ಸುಮ್ಮಸುಮ್ಮನ ಸೊಸಿ ಮ್ಯಾಲ ಸಿಟ್ಟು ಬರತೈತಿ."

ಕೆಲವರು ನಕ್ಕರು. ಆಮೇಲೆ ಇನ್ನಿಬ್ಬರು "ನನಗೂ ಹಂಗ ಐತ್ರಿ" ಅಂದರು. ಅಂದಿನ ಪಾಠ ಅದೇ ಆಯಿತು.

ಹೀಗೆ ಯಾಕೆ ಆಗುತ್ತದೆ?

ನಮ್ಮ ಹೊಟ್ಟೆಯಲ್ಲಿ ಗರ್ಭಕೋಶದ ಎರಡೂ ಬದಿಗೆ ಅಂಡಾಶಯಗಳಿವೆ. ಅವು ಈಸ್ಟ್ರೋಜನ್ ಎಂಬ ರಸ ಕೊಡುತ್ತವೆ. ವಯಸ್ಸಾದಂತೆ ಆ ರಸ ಕಡಿಮೆಯಾಗುತ್ತದೆ. ಆಗ ಮುಟ್ಟು ಏರುಪೇರಾಗಿ, ಕಡೆಗೆ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ 45 ರಿಂದ 50 ವರ್ಷದ ನಡುವೆ ಹೀಗಾಗುತ್ತದೆ. ಪೂರಾ 12 ತಿಂಗಳು ಮುಟ್ಟು ಬಾರದಿದ್ದರೆ, ಅದು ನಿಂತಿತು ಎಂದು ತಿಳಿಯಬೇಕು. ಇದು ರೋಗವಲ್ಲ. ಯಾರ ಶಾಪವೂ ಅಲ್ಲ.

ಬೇರು, ಕಾಳು, ಪುಡಿ

ಅಕ್ಕ ಚೀಲದಿಂದ ಒಂದು ಪುಡಿಯ ಪೊಟ್ಟಣ ತೆಗೆದರು. ಸಂತೆಯಲ್ಲಿ ಕೊಂಡದ್ದು. "ಓದ್ರಿ ನೋಡೋಣ" ಅಂದೆವು. ಅವರು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ.

ನಮಗೆ ಗೊತ್ತಿರುವ ಕೆಲವನ್ನು ನೋಡೋಣ.

ಅಗಸಿ: ರೊಟ್ಟಿಯ ಜೊತೆ ಅಗಸಿ ಚಟ್ನಿ ನಮ್ಮ ಮನೆಯ ಊಟ. ಅದು ಮಲಬದ್ಧತೆಗೆ ಒಳ್ಳೆಯದು. ಮೈಯ ಝಳ ತಗ್ಗಿಸುತ್ತದೆ ಎಂದು ಮಾತ್ರ ಖಾತ್ರಿಯಾಗಿಲ್ಲ.

ಸೋಯಾ ಅವರೆ: ನಮ್ಮ ಜಿಲ್ಲೆಯ ಹೊಲಗಳಲ್ಲಿಯೂ ಬೆಳೆಯುತ್ತಾರೆ. ಇದರಲ್ಲಿ ಈಸ್ಟ್ರೋಜನ್ ಹೋಲುವ ಸತ್ವವಿದೆ. ಕೆಲವರಿಗೆ ಝಳ ಸ್ವಲ್ಪ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ.

ಶತಾವರಿ: ಹಲವು ಮಕ್ಕಳ ತಾಯಿ ಬೇರು ಅಂತಲೂ ಕರೆಯುತ್ತಾರೆ. ಬಾಣಂತಿಗೆ ಹಾಲು ಬರಲಿ ಎಂದು ಹಿರಿಯರು ಕೊಡುತ್ತಾರೆ. ಮುಟ್ಟು ನಿಂತವರಿಗೂ ಕೊಡುವುದುಂಟು. ಕಲಿತ ಆಯುರ್ವೇದ ಡಾಕ್ಟರನ್ನು ಕೇಳಿಯೇ ತಗೋಬೇಕು.

ಜ್ಯೇಷ್ಠಮಧು: ಬಹಳ ದಿನ ತಗೊಂಡರೆ ಬಿಪಿ ಏರುತ್ತದೆ. ಬಿಪಿ ಇದ್ದವರು ದೂರ ಇಡಬೇಕು.

ಗಿಡಮೂಲಿಕೆ ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು, ಸ್ತನದ ಕ್ಯಾನ್ಸರ್ ಆಗಿದ್ದವರು ಡಾಕ್ಟರಿಗೆ ಹೇಳದೆ ಯಾವ ಪುಡಿಯನ್ನೂ ತಿನ್ನಬಾರದು.

ಝಳ ಬಂದಾಗ ತಣ್ಣೀರು ಕುಡಿಯಿರಿ. ತೆಳುವಾದ ಅರಿವೆ ಉಡಿರಿ. ಸಂಜೆಯ ಚಹಾ, ಖಾರ ಕಡಿಮೆ ಮಾಡಿರಿ. ತಾಳಲಾರದಷ್ಟು ಆದರೆ ಡಾಕ್ಟರ ಬಳಿ ಔಷಧಿ ಇದೆ.

ಈ ವಯಸ್ಸಿನಲ್ಲಿ ಎಲುಬು ಸವೆಯುತ್ತದೆ. ಎಲುಬಿಗೆ ಸುಣ್ಣದ ಸತ್ವ ಬೇಕು. 100 ಗ್ರಾಂ ಜೋಳದಲ್ಲಿ ಅದು ಸುಮಾರು 25 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 350. ಆದ್ದರಿಂದ ರೊಟ್ಟಿಯ ಜೊತೆ ರಾಗಿ ಅಂಬಲಿ, ಎಳ್ಳು, ನುಗ್ಗೆ ಸೊಪ್ಪು, ಹಾಲು, ಮಜ್ಜಿಗೆಯೂ ಇರಲಿ.

ಅಕ್ಕ ಹಿಂದೆ ಉಳಿದರು

ವರ್ಗ ಮುಗಿಯಿತು. ಎಲ್ಲರೂ ಹೋದರು. ಆ ಅಕ್ಕ ಮೆಲ್ಲಗೆ ಹೇಳಿದರು: "ಅಕ್ಕೋರ, ಪುಡಿ ತಗೊಂಡದ್ದು ಝಳಕ್ಕಲ್ರಿ. ಹ್ವಾದ ವಾರ ಮತ್ತ ರಕ್ತ ಕಂಡೈತ್ರಿ. ಹೆಂಗ ಹೇಳೂದು ಅಂತ ನಾಚಿಕಿ ಆತು."

"ಮುಟ್ಟು ನಿಂತು ಎಷ್ಟು ದಿನ ಆತ್ರಿ?"

"ನೀವು ಕಲಿಸಿದಂಗ ಕ್ಯಾಲೆಂಡರದಾಗ ಗುರುತು ಹಾಕೇನ್ರಿ. ಹದಿನಾಕು ತಿಂಗಳಾತು."

ನಮ್ಮ ಎದೆ ಧಸಕ್ಕೆಂದಿತು. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಹನಿ ರಕ್ತ ಕಂಡರೂ ಅದು ಮುಟ್ಟು ಅಲ್ಲ. ಅದಕ್ಕೆ ಕಷಾಯ, ಪುಡಿ ಸಲ್ಲದು. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಕೆಲವರಲ್ಲಿ ಕ್ಯಾನ್ಸರಿನ ಮೊದಲ ಗುರುತು ಅದೇ. ಬೇಗ ತಿಳಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಪುಡಿ ತಿನ್ನುತ್ತ ಕೂತರೆ ಆ ಕಾಲ ಕಳೆದುಹೋಗುತ್ತದೆ.

ಮರುದಿನ ಅಕ್ಕ, ಅವರ ಸೊಸೆ ಮತ್ತು ನಾವು ಚಿಗರಿ ಬಸ್ಸು ಹತ್ತಿದೆವು. ಹುಬ್ಬಳ್ಳಿಯ ವಿದ್ಯಾನಗರದ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ಜನ ಅದನ್ನು ಕಿಮ್ಸ್ ಅನ್ನುತ್ತಾರೆ. ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಗೆ ಸಣ್ಣ ಗಂಟು ಇತ್ತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ.

ಈಗ ಅಕ್ಕ ವರ್ಗಕ್ಕೆ ಬರುತ್ತಾರೆ. ಝಳ ಇನ್ನೂ ಬರುತ್ತದೆ. ಸೊಸೆಯೇ ಗಾಳಿ ಹಾಕುತ್ತಾಳೆ.

ನೆನಪಿಡಿರಿ

1. ಮುಟ್ಟಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.
2. ಹೆಸರು, ತಾರೀಖು ಇಲ್ಲದ ಪುಡಿ ಕೊಳ್ಳಬೇಡಿರಿ.
3. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಿರಿ.

ಬಿಟ್ಟ ಜಾಗ ತುಂಬಿರಿ

ಪೂರಾ ...... ತಿಂಗಳು ಬಾರದಿದ್ದರೆ ಮುಟ್ಟು ನಿಂತಿತು ಎನ್ನುತ್ತೇವೆ.
ಬಿಪಿ ಇದ್ದವರು ...... ದೂರ ಇಡಬೇಕು.

ಮಾತಾಡೋಣ

ನಿಮ್ಮ ಮನೆಯಲ್ಲಿರುವ ಒಂದು ಔಷಧಿಯ ಪೊಟ್ಟಣ ತನ್ನಿರಿ. ಅದರ ಮೇಲಿನ ತಾರೀಖನ್ನು ಎಲ್ಲರಿಗೂ ಓದಿ ಹೇಳಿರಿ.