ಊರು ಹತ್ತಿರ, ಹಾಸ್ಟೆಲ್ ಹೊಸದು: ಪದವಿಯ ಮೊದಲ ವರ್ಷಕ್ಕೆ ಹೀಗೆ ಸಿದ್ಧರಾಗಿ

ಬಾಗಲಕೋಟೆ ಜಿಲ್ಲೆಯ ಹುಡುಗ ಹುಡುಗಿಯರು ಪಿಯುಸಿ ಮುಗಿಸಿ ಮನೆ ಬಿಟ್ಟರೂ ಹೆಚ್ಚಿನವರು ಬಹಳ ದೂರ ಹೋಗುವುದಿಲ್ಲ. ಬಾದಾಮಿಯಿಂದ ಬಾಗಲಕೋಟೆಗೆ ಬಂದವರಿಗೆ ಮನೆ ಒಂದು ತಾಸಿನ ದಾರಿ. ಹುನಗುಂದದಿಂದ ಇಳಕಲ್ಲಿಗೆ ಬಸ್ಸು ಹತ್ತಿ, ಟಿಕೆಟ್ ತೆಗೆಸಿ, ಸರಿಯಾಗಿ ಕೂತುಕೊಳ್ಳುವಷ್ಟರಲ್ಲಿ ಇಳಿಯುವ ಸ್ಟಾಪು ಬಂದಿರುತ್ತದೆ. ಡಿಗ್ರಿ ತರಗತಿಗಳಿಗೆ ಪಾಠ ಮಾಡುವ ನಾನು ವರ್ಷ ವರ್ಷವೂ ಕಾಣುವ ಸಂಗತಿ ಇದು: ಮೊದಲ ಸೆಮಿಸ್ಟರಿನಲ್ಲಿ ಎಡವುವವರು ದಡ್ಡರಲ್ಲ. ವಾರದ ಅರ್ಧ ಊರಲ್ಲಿ, ಅರ್ಧ ಹಾಸ್ಟೆಲ್ಲಿನಲ್ಲಿ ಕಳೆದು, ಎಲ್ಲಿಯೂ ಪೂರ್ತಿ ನೆಲೆ ನಿಲ್ಲದವರು. ಆದ್ದರಿಂದ ಈ ಲೇಖನದ ಎಲ್ಲ ಸಲಹೆಗಳ ಹಿಂದೆ ಇರುವ ಮಾತು ಒಂದೇ. ಮೊದಲ ಎರಡು ತಿಂಗಳು ಸೇರಿದ ಊರಲ್ಲೇ ಬೇರು ಬಿಡಿ.

ಹಿಂದಿನ ತಲೆಮಾರಿಗೆ ಈ ಹತ್ತಿರದ ಭಾಗ್ಯ ಇಷ್ಟು ಸುಲಭವಾಗಿ ಸಿಕ್ಕಿರಲಿಲ್ಲ. ಡಿಗ್ರಿ ಎಂದರೆ ಧಾರವಾಡ, ಅಲ್ಲಿನ ಮುರುಘಾಮಠದಂಥ ಪ್ರಸಾದ ನಿಲಯಗಳ ಆಸರೆ ಎಂಬ ಕಾಲವಿತ್ತು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1963ರಲ್ಲಿ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಲ್ಲಿ, ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಲ್ಲಿ ಬಂದವು. ಹುನಗುಂದ, ಇಳಕಲ್ಲುಗಳಲ್ಲಿ ವಿಜಯ ಮಹಾಂತೇಶನ ಹೆಸರು ಹೊತ್ತ ಕಾಲೇಜುಗಳಿವೆ, ಇಳಕಲ್ಲಿನಲ್ಲಿ ಆಯುರ್ವೇದವನ್ನೂ ಓದಬಹುದು. ಬಿಎ ಓದುವವರಿಂದ ಎಂಬಿಬಿಎಸ್ ಓದುವವರವರೆಗೆ ಎಲ್ಲರಿಗೂ ಜಿಲ್ಲೆಯೊಳಗೇ ಜಾಗವಿದೆ.

ಮೊದಲು ಕಾಗದಪತ್ರ

ಪ್ರವೇಶದ ರಸೀದಿ ಕೈಗೆ ಬಂದ ದಿನವೇ ಒಂದು ಫೈಲು ಮಾಡಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವೆಲ್ಲದರ ನಾಲ್ಕು ನಾಲ್ಕು ಝೆರಾಕ್ಸ್ ಇರಲಿ. ಜಾತಿ ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಮೊಬೈಲಿನಲ್ಲೂ ಬರೆದಿಟ್ಟುಕೊಳ್ಳಿ, ಹೋದಲ್ಲೆಲ್ಲ ಅದನ್ನೇ ಕೇಳುತ್ತಾರೆ. ಆದಾಯ ಪತ್ರದ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿ. ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ತಿದ್ದಿಸುವುದಕ್ಕೆ ಕಾಲೇಜು ಶುರುವಾಗುವ ಮುಂಚಿನ ದಿನಗಳೇ ಸರಿ.

ಪದವಿ ಕಾಲೇಜುಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲ ಈಗ ಯುಯುಸಿಎಂಎಸ್ ತಂತ್ರಾಂಶದಲ್ಲಿ. ಹೆಚ್ಚಿನವರು ಇದನ್ನು ಸೈಬರ್ ಸೆಂಟರಿನಲ್ಲಿ ಮಾಡಿಸುತ್ತಾರೆ. ತಪ್ಪೇನಿಲ್ಲ, ಆದರೆ ಅಲ್ಲಿ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೇ ಕೊಡಿ. ಅಂಗಡಿಯವರ ನಂಬರು, ಅವರ ಇಮೇಲು ಹಾಕಿಸಿಕೊಂಡು ಬಂದವರು ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನ ಒಟಿಪಿಗಾಗಿ ಆ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾರೆ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು ಟ್ರಂಕಿನಲ್ಲಿಡಿ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ಲು ಬೇರೆ, ಸರ್ಕಾರಿ ಹಾಸ್ಟೆಲ್ಲಿನ ಪೋರ್ಟಲ್ಲು ಬೇರೆ. ಒಂದಕ್ಕೆ ಅರ್ಜಿ ಹಾಕಿ ಎರಡೂ ಆಯಿತೆಂದು ಸುಮ್ಮನಾಗಬೇಡಿ. ಎಸ್‌ಎಸ್‌ಪಿಗೆ ಮುಂಚೆ ದಾಖಲೆಗಳ ಇ-ದೃಢೀಕರಣ ಆಗಬೇಕು, ಅದಕ್ಕೆಂದು ನೇಮಿಸಿದ ಅಧಿಕಾರಿ ಯಾರೆಂದು ಕಾಲೇಜು ಆಫೀಸಿನಲ್ಲಿ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿ ಬಂದ ಹೆಣ್ಣುಮಕ್ಕಳು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನವನ್ನು ವಿಚಾರಿಸಿ. ವರ್ಷಕ್ಕೆ 30,000 ರೂಪಾಯಿ, ಸಣ್ಣ ಮೊತ್ತವಲ್ಲ. ಕುಷ್ಟಗಿ ಕಡೆಯಿಂದ ಬರುವವರಿಗೆ ಒಂದು ಮಾತು: ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸಿಗೆ ಸೇರುವವರು 371(ಜೆ) ಪ್ರಮಾಣಪತ್ರ ಬಿಟ್ಟುಬರಬೇಡಿ. ಕಲ್ಯಾಣ ಕರ್ನಾಟಕದ ಹೊರಗಿನ ಕಾಲೇಜುಗಳಲ್ಲೂ ನಿಮಗೆ ಶೇ 8ರಷ್ಟು ಮೀಸಲಾತಿ ಇದೆ.

ಹಾಸ್ಟೆಲ್ಲೋ, ರೂಮೋ, ದಿನದ ಬಸ್ಸೋ

ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಪರಿಶಿಷ್ಟ ಪಂಗಡದವರ ಮತ್ತು ಅಲ್ಪಸಂಖ್ಯಾತರ ಹಾಸ್ಟೆಲ್ ಎಂದು ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳು ಬೇರೆ ಬೇರೆ ಇಲಾಖೆಯವು. ಊಟ, ವಸತಿ ಉಚಿತ. ಸೀಟಿಗಿಂತ ಅರ್ಜಿ ಯಾವಾಗಲೂ ಹೆಚ್ಚು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೈಬಿಡಬೇಡಿ. ಸೀಟು ಸಿಕ್ಕೂ ಬಾರದವರು, ಬೇರೆ ಕೋರ್ಸಿಗೆ ಹೋದವರು ಇರುತ್ತಾರೆ, ಆ ಜಾಗ ಮುಂದಿನ ಪಟ್ಟಿಯಲ್ಲಿ ತುಂಬುತ್ತದೆ. ತಾಲ್ಲೂಕಿನ ಇಲಾಖಾ ಕಚೇರಿಗೆ ಹೋಗಿ ಎರಡನೇ ಪಟ್ಟಿ ಯಾವಾಗ ಎಂದು ಕೇಳಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ. ಊಟ ವಸತಿಯ ವೆಚ್ಚಕ್ಕೆ ವರ್ಷದಲ್ಲಿ 10 ತಿಂಗಳು ನೆರವು ನೇರ ಖಾತೆಗೆ ಬರುತ್ತದೆ. ತಿಂಗಳಿಗೆ 1,500 ರೂಪಾಯಿಯಿಂದ ಆರಂಭವಾದ ಯೋಜನೆ ಇದು. ಅದಕ್ಕೂ ಅರ್ಜಿಯ ಗಡುವು ಇದೆ.

ರೂಮು ಹಿಡಿಯುವವರು ಊರಿನ ಸ್ವಭಾವ ತಿಳಿದುಕೊಳ್ಳಬೇಕು. ಬಾಗಲಕೋಟೆ ಒಂದೇ ಊರಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿದ್ದರಿಂದ ಹಳೆ ಬಾಗಲಕೋಟೆ, ವಿದ್ಯಾಗಿರಿ, ಸೆಕ್ಟರು ಸೆಕ್ಟರಾಗಿ ಕಟ್ಟಿದ ನವನಗರ ಎಂದು ಅದು ಹರಡಿಕೊಂಡಿದೆ. ‘ಕಾಲೇಜಿಗೆ ಹತ್ತಿರ’ ಎಂದು ಯಾರೋ ಹೇಳಿದ ರೂಮು ಯಾವ ಭಾಗದಲ್ಲಿದೆ ಎಂದು ಕಾಲ್ನಡಿಗೆಯಲ್ಲಿ ಒಮ್ಮೆ ಅಳೆದು ನೋಡಿ, ಆಮೇಲೆ ಮುಂಗಡ ಕೊಡಿ. ಬಾದಾಮಿಯಲ್ಲಿ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆ ಇದೆ, ಬೆಳಗಿನ ರೈಲು ಹಿಡಿಯುವವರು ಟಂಟಂನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾದಾಮಿಯ ಕೋತಿಗಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಿಟಕಿಗೆ ಜಾಳಿಗೆ ಇಲ್ಲದ ರೂಮು ಬೇಡ, ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಕಾಲೇಜಿಗೆ ಹೋಗುವುದೂ ಬೇಡ. ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಬಾಡಿಗೆ ಕಡಿಮೆ ಇರಬಹುದು, ಆದರೆ ಪಕ್ಕದ ಗೋಡೆಯಾಚೆ ಪವರ್‌ಲೂಮ್ ಇದೆಯೇ ಎಂದು ಕೇಳಿ. ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಅದು ಜೋಗುಳ, ಉಳಿದವರಿಗೆ ಓದು ಸಾಗುವುದಿಲ್ಲ. ಬೋರ್‌ವೆಲ್ ನೀರು ಹಲವು ಕಡೆ ಸವಳು. ಕುಡಿಯಲು ಶುದ್ಧ ನೀರಿನ ಘಟಕ ಎಷ್ಟು ದೂರ ಎಂಬುದನ್ನು ಬಾಡಿಗೆಯಷ್ಟೇ ಮುಖ್ಯವಾಗಿ ವಿಚಾರಿಸಿ.

ದಿನಾ ಬಸ್ಸಿಗೆ ಓಡಾಡುವವರಿಗೆ ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸ್ ಇದೆ, ಅರ್ಜಿ ಸೇವಾಸಿಂಧುವಿನಲ್ಲಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಸಾಕು. ಓಡಾಟಕ್ಕೆ ದುಡ್ಡು ಹೋಗದಿದ್ದರೂ ತಾಸುಗಳು ಹೋಗುತ್ತವೆ. ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಬಸ್ಸಿನಲ್ಲೇ ಕಳೆಯುವುದಾದರೆ ಹಾಸ್ಟೆಲ್ಲೇ ಲೇಸು ಎಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯವಿರುವ ಕೋರ್ಸಿನವರಿಗಂತೂ ಇದು ಎರಡು ಮಾತಿಲ್ಲದ ಸಲಹೆ.

ಗಂಟು ಕಟ್ಟುವಾಗ

ಬೀಗವಿರುವ ಟ್ರಂಕು, ಬಕೆಟ್ಟು, ಚೊಂಬು, ಸ್ಟೀಲ್ ತಾಟು, ಸೊಳ್ಳೆ ಪರದೆ, ಬ್ಯಾಟರಿ, ಹಗ್ಗ. ಹೊಸ ರಗ್ಗು ಕೊಳ್ಳುವ ಬದಲು ಅಜ್ಜಿ ಹೊಲಿದ ಕೌದಿಯನ್ನೇ ತನ್ನಿ, ಹಾಸಲೂ ಹೊದೆಯಲೂ ಆಗುತ್ತದೆ. ದಿನದ ಊಟ ಹಾಸ್ಟೆಲ್ಲಿನಲ್ಲಿ ಸಿಕ್ಕರೂ ರಾತ್ರಿ ಹನ್ನೊಂದಕ್ಕೆ ಹಸಿವಾಗುತ್ತದೆ. ಅದಕ್ಕೆ ಕಡಕ್ ರೊಟ್ಟಿಗಿಂತ ಒಳ್ಳೆಯದು ಬೇರೇನಿಲ್ಲ. ಆದರೆ ಪ್ರವೇಶದ ಕಾಲ ಮಳೆಗಾಲ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತಳಕ್ಕೆ ಒಣ ಪೇಪರ್ ಹಾಸಿ, ಪೂರ್ತಿ ಆರಿದ ರೊಟ್ಟಿಯನ್ನೇ ಜೋಡಿಸಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗೆ ಬೇರೆ ಡಬ್ಬಿ, ಚಮಚ ಒಣದಾಗಿರಲಿ. ತಂದದ್ದನ್ನು ಟ್ರಂಕಿನಲ್ಲಿ ಬಚ್ಚಿಟ್ಟು ಒಬ್ಬರೇ ತಿನ್ನಬೇಡಿ. ಹಾಸ್ಟೆಲ್ಲಿನಲ್ಲಿ ಮೊದಲ ಗೆಳೆತನ ಕೂಡಿ ಬರುವುದು ಆ ಡಬ್ಬಿಯ ಮುಚ್ಚಳ ತೆರೆದಾಗಲೇ.

ಮೊದಲ ವಾರ

ವಾರ್ಡನ್ ಯಾರು, ಅವರ ಫೋನ್ ನಂಬರೇನು, ಗೇಟು ಎಷ್ಟಕ್ಕೆ ಮುಚ್ಚುತ್ತದೆ, ಬಯೋಮೆಟ್ರಿಕ್ ಹಾಜರಾತಿ ಯಾವ ಹೊತ್ತಿಗೆ ಎಂಬುದನ್ನು ಮೊದಲ ಸಂಜೆಯೇ ತಿಳಿಯಿರಿ. ಊಟ ಸರಿಯಿಲ್ಲದಿದ್ದರೆ ಸಿಟ್ಟಿನಿಂದ ಖಾನಾವಳಿಗೆ ಹೋಗಿ ಮನೆಯ ದುಡ್ಡು ಕಳೆಯುವ ಮೊದಲು, ನಾಲ್ಕೈದು ಜನ ಸೇರಿ ವಾರ್ಡನ್ ಬಳಿ ಲಿಖಿತವಾಗಿ ಹೇಳಿ. ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಹಿರಿಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಿಜಕ್ಕೂ ಅಣ್ಣ ಅಕ್ಕಂದಿರಂತೆಯೇ ಇರುತ್ತಾರೆ, ಪುಸ್ತಕ ಕೊಡುತ್ತಾರೆ, ಯಾವ ಮೇಡಂ ಯಾವ ಪ್ರಶ್ನೆ ಕೇಳುತ್ತಾರೆಂದು ಹೇಳುತ್ತಾರೆ. ಆದರೆ ಹಾಡು ಹೇಳಿಸುವುದರಿಂದ ಶುರುವಾಗಿ ಅವಮಾನಕ್ಕೆ ತಿರುಗಿದರೆ ಅದು ರ‍್ಯಾಗಿಂಗ್, ಅಪರಾಧ. ಯುಜಿಸಿಯ 2009ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು. ದೇಶಕ್ಕೆಲ್ಲ ಒಂದೇ ಉಚಿತ ಸಹಾಯವಾಣಿ 1800-180-5522. ಅಣ್ಣಂದಿರ ಜೊತೆ ಸೇರಿಸಿಕೊಳ್ಳಲೆಂದು ಮೊದಲ ಗುಟ್ಕಾ, ಮೊದಲ ಸಿಗರೇಟು ಕೈಗೆ ಬರುವುದೂ ಈ ವಾರಗಳಲ್ಲೇ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡಿದ ನೆಲ ಇದು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೇಡ ಎನ್ನಲು ನಾಚಿಕೆಯಾದರೆ ‘ನಾವು ಮಹಾಂತಪ್ಪಗಳ ಕಡೆಯವರು’ ಎಂದುಬಿಡಿ, ಈ ಭಾಗದಲ್ಲಿ ಅಷ್ಟು ಹೇಳಿದರೆ ಯಾರೂ ಒತ್ತಾಯಿಸುವುದಿಲ್ಲ.

ತರಗತಿಯಲ್ಲಿ

ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನು ಮೊದಲು ತಿಳಿಯಿರಿ, ನಿಯಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಎಂಜಿನಿಯರಿಂಗ್‌ಗೆ ವಿಟಿಯು, ವೈದ್ಯಕೀಯ ಮತ್ತು ಆಯುರ್ವೇದಕ್ಕೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯ, ತೋಟಗಾರಿಕೆಗೆ ಅದರದೇ. ಬಿಎ, ಬಿಕಾಂ, ಬಿಎಸ್ಸಿ 2024-25ರಿಂದ ಮತ್ತೆ ಮೂರು ವರ್ಷದ್ದು, ಆರು ಸೆಮಿಸ್ಟರ್. ಸಿಲಬಸ್ ಪ್ರತಿಯನ್ನು ಮೊದಲ ವಾರವೇ ಝೆರಾಕ್ಸ್ ಮಾಡಿಸಿ ಪುಸ್ತಕಕ್ಕೆ ಅಂಟಿಸಿ. ಹಳೆಯ ಪ್ರಶ್ನೆಪತ್ರಿಕೆಗಳು ಗ್ರಂಥಾಲಯದಲ್ಲಿ ಸಿಗುತ್ತವೆ.

ನಮ್ಮ ಮಕ್ಕಳಿಗೆ ನಿಜವಾದ ಏರು ಎಂದರೆ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಕುಳಿತು ಕೇಳುವುದು. ಬಿಎ ಓದುವವರು ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಅವರಿಗೆ ಚಿಂತೆ ಕಡಿಮೆ. ಬಿಕಾಂ, ಬಿಸಿಎ, ಎಂಜಿನಿಯರಿಂಗ್ ಸೇರಿದವರು ಮೊದಲ ದಿನದಿಂದಲೇ ಒಂದು ಅಭ್ಯಾಸ ಹಚ್ಚಿಕೊಳ್ಳಲಿ. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಸರ್ ಹೇಳಿದ ಇಂಗ್ಲಿಷ್ ಪದ, ಬಲಕ್ಕೆ ನಿಮಗೆ ತಿಳಿದ ಕನ್ನಡದಲ್ಲಿ ಅದರ ಅರ್ಥ ಮತ್ತು ಒಂದು ಉದಾಹರಣೆ. ಡಿಪ್ರಿಸಿಯೇಷನ್ ಎಂದು ಎಡಕ್ಕೆ ಬರೆದರೆ ಬಲಕ್ಕೆ ‘ಸವಕಳಿ, ಅಪ್ಪನ ಟ್ರ್ಯಾಕ್ಟರಿನ ಬೆಲೆ ವರ್ಷ ವರ್ಷ ಇಳಿಯುವುದು’ ಎಂದಿರಲಿ. ಅದೇ ರಾತ್ರಿ ಬಲಭಾಗ ಮುಚ್ಚಿಕೊಂಡು ಎಡದ ಪದಕ್ಕೆ ಇಂಗ್ಲಿಷಿನಲ್ಲೇ ಎರಡು ವಾಕ್ಯ ಬರೆಯಿರಿ. ತಪ್ಪಿದ್ದರೂ ಬರೆಯಿರಿ. ಸೆಮಿಸ್ಟರ್ ಅರ್ಧ ಕಳೆಯುವಷ್ಟರಲ್ಲಿ ಬಲಭಾಗ ತಾನಾಗಿ ಖಾಲಿ ಉಳಿಯತೊಡಗುತ್ತದೆ. ಈ ದಾರಿಯಲ್ಲಿ ನಡೆದು ದಡ ಮುಟ್ಟಿದ ಮಕ್ಕಳನ್ನು ಕಂಡೇ ಹೇಳುತ್ತಿದ್ದೇನೆ.

ಅರ್ಥವಾಗದಿದ್ದರೆ ಕನ್ನಡದಲ್ಲೇ ಕೇಳಿ. ‘ಸರ್, ಇದು ನನಗ ತಿಳೀಲಿಲ್ರಿ’ ಎಂದು ಎದ್ದುನಿಂತ ವಿದ್ಯಾರ್ಥಿಯನ್ನು ಕಂಡು ಬೇಸರಪಡುವ ಮೇಷ್ಟ್ರು ವಿರಳ. ತರಗತಿಯಲ್ಲಿ ಧೈರ್ಯ ಬಾರದಿದ್ದರೆ ಸ್ಟಾಫ್ ರೂಮಿಗೆ ಬನ್ನಿ. ಆಂತರಿಕ ಅಂಕಗಳನ್ನು ಹಗುರವಾಗಿ ಕಾಣಬೇಡಿ. ಅಸೈನ್‌ಮೆಂಟ್ ಕೊಟ್ಟ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಗುರುತು ಬಿದ್ದಿದೆಯೇ ಎಂದು ನೋಡಿಯೇ ಹೊರಡಿ.

ಶನಿವಾರದ ಬಸ್ಸು

ಒಂದು ಲೆಕ್ಕ ಹಾಕಿ. ವಾರಕ್ಕೆ ನಾಲ್ಕು ತಾಸು ಇರುವ ವಿಷಯ 15 ವಾರಕ್ಕೆ 60 ತಾಸು. ಶೇ 75 ಹಾಜರಾತಿ ಬೇಕೆಂದರೆ ತಪ್ಪಿಸಬಹುದಾದದ್ದು 15 ತಾಸು. ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಬರುವ ರೂಢಿಯಾದರೆ ಆ 15ನ್ನೂ ಸೋಮವಾರಗಳೇ ತಿಂದುಬಿಡುತ್ತವೆ. ಆಮೇಲೆ ಜ್ವರ ಬಂದರೆ, ಅಕ್ಕನ ಮದುವೆ ಬಂದರೆ, ಬನಶಂಕರಿ ಜಾತ್ರೆ ಬಂದರೆ ಕೈಯಲ್ಲಿ ಒಂದೂ ಉಳಿದಿರುವುದಿಲ್ಲ. ಕೆಲವು ವೃತ್ತಿಪರ ಕೋರ್ಸುಗಳಲ್ಲಿ ಮಿತಿ ಇನ್ನೂ ಬಿಗಿ. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋಗಿ, ಭಾನುವಾರ ಸಂಜೆಯ ಬಸ್ಸಿಗೇ ಮರಳಿ. ಮನಸ್ಸು ತೀರಾ ಕುಗ್ಗಿದರೆ, ನಿದ್ದೆ ಊಟ ಬಿಟ್ಟುಹೋದರೆ ಅದನ್ನು ಮನೆಯ ನೆನಪೆಂದು ತಳ್ಳಿಹಾಕಬೇಡಿ. 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುವವರಿದ್ದಾರೆ.

ತಂದೆ ತಾಯಂದಿರಿಗೆ

ಮಗಳನ್ನೋ ಮಗನನ್ನೋ ಬಿಟ್ಟುಬಂದ ಮೇಲೆ ದಿನಾ ಫೋನು ಮಾಡಿ ‘ಊಟ ಆತೇನ?’ ಎಂದು ಕೇಳುವುದು ಸಹಜ. ಜೊತೆಗೆ ‘ಇವತ್ತು ಏನು ಪಾಠ ಆತು?’ ಎಂದೂ ಕೇಳಿ. ಕಟಾವಿಗೆ ಆಳು ಸಿಗುತ್ತಿಲ್ಲ ಎಂದು ಪರೀಕ್ಷೆಯ ಹೊತ್ತಿನಲ್ಲಿ ಕರೆಸಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಸೆಮಿಸ್ಟರಿನ ನಡುವೆ ಒಮ್ಮೆಯಾದರೂ ಸಂತೆಗೆ ಬಂದ ದಿನ ಕಾಲೇಜಿಗೂ ಬನ್ನಿ. ಓದು ಬರೆಹ ಬರದಿದ್ದರೂ ಸಂಕೋಚ ಬೇಡ. ಆಫೀಸಿನಲ್ಲಿ ಮಗುವಿನ ಹೆಸರು ಹೇಳಿ ಮೂರು ಮಾತು ಕೇಳಿ: ಹಾಜರಾತಿ ಎಷ್ಟಿದೆ, ಟೆಸ್ಟಿನಲ್ಲಿ ಎಷ್ಟು ಬಂದಿದೆ, ಸ್ಕಾಲರ್‌ಶಿಪ್ ಅರ್ಜಿ ಎಲ್ಲಿಗೆ ಬಂದಿದೆ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ, ಕೇಳಿದರೆ ನಾವು ಬರೆದುಕೊಡುತ್ತೇವೆ.