ಬಗ್ಗುವ ಬಿಗಿ

ಮಗಾ, ಹಿತ್ತಲ ಕೊಟ್ಟಿಗೆಯಲ್ಲಿ ಮರದ ಹಾಯಿದೋಣಿ ಕಟ್ಟುತ್ತೀಯಂತೆ. ಕಬ್ಬು ಬೆಳೆಯುವ ಕುಂತೂರಿನಲ್ಲಿ ದೋಣಿ ಯಾಕೋ ಅಂತ ನಗುವವರು ನಗಲಿ ಬಿಡು. ಹೊಳೆ ದಾಟುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಕಾವೇರಿಯಲ್ಲಿ ಇವತ್ತಿಗೂ ಹರಿಗೋಲು ತೇಲುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಬುಟ್ಟಿದೋಣಿಯಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ.

ಮೊದಲು ಬಿದಿರಿನ ಒಂದು ಹರಿಗೋಲು ಹೆಣೆಯುವುದನ್ನು ಕಲಿ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೆಣಿಗೆ ಮಾತ್ರ ಹಳೆಯದೇ. ಬಂಡೆಗೆ ತಾಗಿದರೆ ಬಿದಿರು ಒಂದಿಷ್ಟು ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ದೋಣಿಗೆ ಬೇಕಾದದ್ದು ಈ ಬಗ್ಗುವ ಬಿಗಿಯೇ. ಗಟ್ಟಿ ಅಂದರೆ ಅಲುಗಾಡದ್ದು ಅಂದುಕೊಂಡವನು ಮಂಚ ಮಾಡಬಹುದು, ದೋಣಿ ಮಾಡಲಾರ.

ನಮ್ಮ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವನ್ನೇ ನೋಡು. ಅದು ಹಾಯಿಹಡಗು. ಅಜಂತಾದ 5ನೇ ಶತಮಾನದ ಚಿತ್ರವೊಂದು ಅದಕ್ಕೆ ಆಧಾರ, ಹಳೆಯ ನಕ್ಷೆ ಒಂದೂ ಉಳಿದಿರಲಿಲ್ಲ. ಕೇರಳದ ಬಾಬು ಶಂಕರನ್ ಮತ್ತು ಅವರ ಕಡೆಯವರು ಹಲಗೆ ಹಲಗೆಯನ್ನೂ ತೆಂಗಿನ ನಾರಿನ ಹುರಿಯಲ್ಲಿ ಹೊಲಿದು ಅದನ್ನು ಕಟ್ಟಿದರು. ಅಲೆ ಹೊಡೆದಾಗ ಹೊಲಿಗೆ ಕೊಂಚ ಸಡಿಲಗೊಂಡು ಪೆಟ್ಟನ್ನು ನುಂಗಿಕೊಳ್ಳುತ್ತದೆ. ನೀನು ಹೊಲಿಯಲೇಬೇಕು ಅಂತಿಲ್ಲ, ಮೊಳೆ ಹೊಡೆಯಬಹುದು. ಆದರೆ ತಾಮ್ರದ್ದೋ ಕಂಚಿನದ್ದೋ ಹೊಡಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಇನ್ನು ಮರದ ಮಾತು. ಬಿಳಿಗಿರಿರಂಗನ ಬೆಟ್ಟ ಹತ್ತಿರವಿದೆ ಅಂತ ಕಾಡಿಗೆ ಕೈಹಾಕಬೇಡ. ಬಿದಿರಾಗಲಿ, ತೇಗವಾಗಲಿ ರಸೀದಿ ಸಮೇತ ತಾ. ಚೇಗು ನೋಡಿ ಕೊಂಡುಕೋ, ಗಂಟಿರುವ ಹಲಗೆ ಬಿಟ್ಟುಬಿಡು. ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿಡು. ಅಂಗುಲ ದಪ್ಪದ ಹಲಗೆ ಒಣಗಲು ವರ್ಷ ಬೇಕೆಂದು ಲೆಕ್ಕ ಹಿಡಿ. ಬಗ್ಗಿಸಬೇಕಾದ ಹಲಗೆಯನ್ನು ಅಂಗುಲಕ್ಕೆ ಸುಮಾರು ಒಂದು ಗಂಟೆಯಂತೆ ಹಬೆಯಲ್ಲಿ ಬೇಯಿಸು. ಹೊರತೆಗೆದ ಮೇಲೆ ಬಗ್ಗಿಸಲು ಸಿಗುವುದು ಒಂದೆರಡು ನಿಮಿಷ ಅಷ್ಟೇ. ಕ್ಲಾಂಪು, ಬೆಣೆ ಎಲ್ಲ ಮೊದಲೇ ಸಿದ್ಧವಿರಲಿ. ಹಟಕ್ಕೆ ಬಿದ್ದು ಒತ್ತಿದರೆ ಹಲಗೆ ಅವತ್ತೇ ಸೀಳಬಹುದು; ಅವತ್ತು ತಡೆದುಕೊಂಡರೂ ಹೊಳೆಯ ನಡುವೆ ಕೈಕೊಡಬಹುದು.

ಅಡಿಮರ ಇಡುವ ಮುಂಚೆ ಕೊಟ್ಟಿಗೆಯ ಬಾಗಿಲು ಅಳೆ. ಒಳಗೆ ಕಟ್ಟಿದ ದೋಣಿ ಹೊರಗೆ ಬರದೆ ಗೋಡೆ ಒಡೆಸಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಮೇಲೆ ನಡುಗೆರೆಗೆ ದಾರ ಕಟ್ಟಿ ಎಡಬಲ ಎರಡೂ ಕಡೆ ದಿನಾ ತಾಳೆ ನೋಡು. ಹಾಯಿಯ ಬಣ್ಣ, ಕೂರುವ ಹಲಗೆ, ಮುಗಿಸುವ ತಿಂಗಳು, ಇವೆಲ್ಲ ಮನಸ್ಸು ಬಂದಂತೆ ಬದಲಾಗಲಿ. ನಡುಗೆರೆ ಮಾತ್ರ ಕೂದಲೆಳೆಯಷ್ಟೂ ಬದಲಾಗಬಾರದು. ಯಾವುದರಲ್ಲಿ ಬಗ್ಗಬೇಕು, ಯಾವುದರಲ್ಲಿ ಬಗ್ಗಬಾರದು ಅಂತ ತಿಳಿದವನೇ ಕಸುಬುದಾರ ಕಣಪ್ಪ.

ಹಲಗೆ ಹಲಗೆಯ ನಡುವೆ ಹತ್ತಿ ತುರುಕುವಾಗ ಅತಿ ಬಿಗಿ ಬೇಡ. ನೀರು ಕುಡಿದ ಮರ ಅಗಲಕ್ಕೆ ಉಬ್ಬುತ್ತದೆ, ಅದಕ್ಕೆ ಜಾಗ ಬಿಡದಿದ್ದರೆ ಒಳಗಿನ ಪಕ್ಕೆಮರವನ್ನೇ ನೂಕುತ್ತದೆ. ಮೊದಲ ಸಲ ನೀರಿಗಿಳಿಸಿದಾಗ ಸಂದಿನಲ್ಲಿ ನೀರು ಜಿನುಗಿದರೆ ಗಾಬರಿಯಾಗಬೇಡ. ದಡಕ್ಕೆ ಕಟ್ಟಿ ಕೆಲವು ದಿನ ಬಿಡು, ಹಲಗೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೂ ಸೋರಿದರೆ ದಡಕ್ಕೆಳೆದು ಆ ಸಂದನ್ನು ಬಿಚ್ಚು, ಮೇಲಿಂದ ಬಣ್ಣ ಬಳಿದು ಮುಚ್ಚಬೇಡ.

ಹೊಳೆಯ ಮುಂದೆ ಮಾತ್ರ ಜಂಬ ಬೇಡ. ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟಾಗ ದಾಸನಪುರ, ಹಳೇ ಹಂಪಾಪುರದವರು ಮನೆ ಬಿಟ್ಟು ಎದ್ದದ್ದನ್ನು 2018ರಲ್ಲೂ 2019ರಲ್ಲೂ ಕಂಡಿದ್ದೇವೆ. ಕೆಳಗೆ ಶಿವನಸಮುದ್ರದ ಜಲಪಾತವಿದೆ. ಅಪ್ಪಣೆ ಪಡೆದು, ತೇಲುಜಾಕೆಟ್ ತೊಟ್ಟು, ನಿಂತ ನೀರಿನಲ್ಲಿ ಹಾಯಿ ಬಿಚ್ಚು.

ಕಡೆಯದಾಗಿ ಒಂದು ಮಾತು. ಹಬೆಯಿಂದ ತೆಗೆದ ಹಲಗೆಯನ್ನು ಒಬ್ಬನೇ ಹಿಡಿಯಲಾರೆ. ನಿನಗಿಂತ ಚಿಕ್ಕ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೋ. ನಕ್ಷೆ ಇಲ್ಲದ ಹಡಗು ಎದ್ದು ನಿಂತದ್ದು ಕೈಯಿಂದ ಕೈಗೆ ಬಂದ ವಿದ್ಯೆಯಿಂದ. ನಿನ್ನ ಕೈಯಿಂದಲೂ ಒಬ್ಬರಿಗೆ ಅದು ದಾಟಬೇಕು.